ನಗರಕ್ಕೆ ಅನ್ನ, ಹೊಲಕ್ಕೆ ಗೊಬ್ಬರ: ನಗರದ ಆಹಾರ ವ್ಯವಸ್ಥೆಯಲ್ಲಿ ರೈತನ ಪಾಲು

ಮಾಲೂರು, ಹೊಸಕೋಟೆ, ದೊಡ್ಡಬಳ್ಳಾಪುರ, ಆನೇಕಲ್ ಕಡೆಯ ಹಳ್ಳಿಗಳಿಂದ ರಾತ್ರಿಯಿಡೀ ಸೊಪ್ಪು ತರಕಾರಿ ಹೇರಿಕೊಂಡ ಟೆಂಪೋಗಳು ಬೆಂಗಳೂರಿನ ಕಡೆ ಹೊರಡುತ್ತವೆ. ಬೆಳಗಾಗುವ ಹೊತ್ತಿಗೆ ಮಾಲು ಮಂಡಿಯಲ್ಲಿ ಇಳಿದು, ಬೆಲೆ ಕೂಗಿ, ತಳ್ಳುಗಾಡಿಯವರ ಕೈ ಸೇರಿರುತ್ತದೆ. ಮಾಲು ಇಳಿಸಿದ ಗಾಡಿ ಬರಿದಾಗಿ ಊರಿಗೆ ಹಿಂದಿರುಗುತ್ತದೆ. ಅದೇ ತರಕಾರಿಯ ಸಿಪ್ಪೆ, ಎಂಜಲು ಮರುದಿನ ಬೇರೊಂದು ಲಾರಿ ಹತ್ತಿ ಯಾವುದೋ ಹಳ್ಳಿಯ ಹಳೆಯ ಕಲ್ಲು ಕ್ವಾರಿಗೆ ಬೀಳುತ್ತದೆ. ಹೊಲದ ಸಾರ ನಗರಕ್ಕೆ ಹೋಯಿತು. ಹೊಲಕ್ಕೆ ಏನೂ ಮರಳಲಿಲ್ಲ. ಹಳ್ಳಿಗೆ ಮರಳಿದ್ದು ಕಸದ ದುರ್ವಾಸನೆ ಮಾತ್ರ.

ಬೆಳೆಯುತ್ತಿರುವ ದೇಶಗಳ ಬಹುತೇಕ ನಗರಗಳ ಕಥೆ ಇದೇ. ನಗರಗಳಿಗೆ ಎಂದೆಂದಿಗೂ ಆಹಾರ ಸಿಗುವಂತೆ, ಆಹಾರ ಬೆಳೆಯುವವನೂ ಉಳಿಯುವಂತೆ ವ್ಯವಸ್ಥೆ ಮಾಡುವುದು ಹೇಗೆ? ಕೆಲವು ನಗರಗಳು ಇದಕ್ಕೆ ಕಂಡುಕೊಂಡ ಉತ್ತರಗಳನ್ನೂ, ನಮ್ಮ ರೈತರು ಅವುಗಳಿಂದ ಕಲಿಯಬಹುದಾದುದನ್ನೂ ಇಲ್ಲಿ ವಿವರಿಸಲಾಗಿದೆ.

ನಗರ ಬೆಳೆದ ಬಗೆ

1951ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 7.8 ಲಕ್ಷ. 2011ರ ಜನಗಣತಿಯ ವೇಳೆಗೆ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲೇ 84 ಲಕ್ಷ ಜನರಿದ್ದರು. ಅಂದರೆ ಅರುವತ್ತು ವರ್ಷಗಳಲ್ಲಿ ಹತ್ತು ಪಟ್ಟಿಗಿಂತ ಹೆಚ್ಚು. ಹಿಂದೆ ನಗರಕ್ಕೆ ಬೇಕಾದ ಸೊಪ್ಪು, ಹೂವು, ತರಕಾರಿಗಳ ಬಹುಭಾಗ ನಗರದ ಮಗ್ಗುಲಲ್ಲೇ ಬೆಳೆಯುತ್ತಿತ್ತು. ಸಂಪಂಗಿ ಕೆರೆಯ ಆಸುಪಾಸಿನಲ್ಲಿ ತಿಗಳರ ತೋಟಗಳಿದ್ದವು. ಆ ಕೆರೆಯ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಕೆರೆ ಹೋದ ಮೇಲೆ ತೋಟ ಹೋಯಿತು. ತೋಟ ಹೋದ ಮೇಲೆ ತರಕಾರಿ ದೂರದಿಂದ ಬರತೊಡಗಿತು.

ಪಟ್ಟಣದ ಹತ್ತಿರ ಏನು ಬೆಳೆಯಬೇಕೆಂಬುದಕ್ಕೆ ಒಂದು ಲೆಕ್ಕವಿದೆ. ಜರ್ಮನಿಯಲ್ಲಿ ಬೇಸಾಯ ಮಾಡಿಸುತ್ತಿದ್ದ ಫಾನ್ ಥ್ಯೂನೆನ್ ಎಂಬುವನು 1826ರಲ್ಲಿ ಇದನ್ನು ಬರೆದಿಟ್ಟ. ಬೇಗ ಕೆಡುವ ಹಾಲು, ತರಕಾರಿಗಳು ಪಟ್ಟಣಕ್ಕೆ ಅತಿ ಹತ್ತಿರ. ದಾಸ್ತಾನು ಮಾಡಬಹುದಾದ ಧಾನ್ಯ ದೂರದಲ್ಲಿ. ತಾನೇ ನಡೆದು ಬರುವ ದನಕುರಿ ಇನ್ನೂ ದೂರದಲ್ಲಿ. ಲಾರಿ, ಶೀತಲ ಗೃಹಗಳು ಬಂದ ಮೇಲೆ ಈ ಲೆಕ್ಕ ಸ್ವಲ್ಪ ಸಡಿಲವಾಗಿದೆಯೇ ಹೊರತು ಸುಳ್ಳಾಗಿಲ್ಲ. ಕಿತ್ತ ಮೆಂತ್ಯದ ಸೊಪ್ಪು ಮಧ್ಯಾಹ್ನದ ಬಿಸಿಲಿಗೆ ಬಾಡುವುದು ಅಂದಿನಂತೆ ಇಂದೂ ನಿಜ.

ಆಹಾರ ವ್ಯವಸ್ಥೆ ಎಂದರೇನು?

ಬೀಜ ಬಿತ್ತುವುದರಿಂದ ಹಿಡಿದು ಊಟದ ಎಂಜಲು ಎಲ್ಲಿ ಸೇರುತ್ತದೆ ಎಂಬುವವರೆಗಿನ ಇಡೀ ಸರಪಳಿಯೇ ಆಹಾರ ವ್ಯವಸ್ಥೆ. ಬೆಳೆ, ಸಾಗಣೆ, ಮಾರಾಟ, ಅಡುಗೆ, ಕಸ, ಚರಂಡಿ ನೀರು ಎಲ್ಲವೂ ಇದರ ಕೊಂಡಿಗಳು. ಇವುಗಳಲ್ಲಿ ನಾಲ್ಕು ಕೊಂಡಿಗಳು ರೈತನಿಗೆ ನೇರವಾಗಿ ಸಂಬಂಧಿಸಿದವು: ನೀರು, ಗೊಬ್ಬರ, ಮಾರುಕಟ್ಟೆ ಮತ್ತು ಜಮೀನು. ಒಂದು ಕೊಂಡಿ ಕಳಚಿದರೂ ಸರಪಳಿ ಕೆಲಸಕ್ಕೆ ಬಾರದು.

ಮಾರುಕಟ್ಟೆಯ ಕೊಂಡಿ ಎಷ್ಟು ದುರ್ಬಲವೆಂಬುದಕ್ಕೆ ಟೊಮ್ಯಾಟೊ ಸಾಕ್ಷಿ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ವೇಳೆಗೆ ಕಿಲೋ ಬೆಲೆ ಹತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. ಬೆಲೆ ಏರಿದ್ದನ್ನು ಕಂಡು ನಾಟಿ ಮಾಡಿದವನಿಗೆ ಕೊಯ್ಲಿನ ಕೂಲಿಯೂ ಹುಟ್ಟದಾಯಿತು. ಗ್ರಾಹಕನು ಟೊಮ್ಯಾಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸೇರುವುದು ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36 ಪೈಸೆ, ಆಲೂಗೆಡ್ಡೆಯಲ್ಲಿ 37 ಪೈಸೆ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ.

ಕೋಲ್ಕತ್ತದ ಮೀನು ಕೆರೆಗಳು

ನೀರಿನ ಕೊಂಡಿಯನ್ನು ಚೆನ್ನಾಗಿ ಬೆಸೆದ ನಗರ ನಮ್ಮ ದೇಶದಲ್ಲೇ ಇದೆ. ಕೋಲ್ಕತ್ತದ ಪೂರ್ವಕ್ಕೆ ಸುಮಾರು 12,500 ಹೆಕ್ಟೇರ್ ವಿಸ್ತಾರದ ಜೌಗು ಪ್ರದೇಶವಿದೆ. ನಗರದ ಚರಂಡಿ ನೀರು ಕಾಲುವೆಗಳ ಮೂಲಕ ಇಲ್ಲಿಗೆ ಹರಿದುಬರುತ್ತದೆ. ಇಲ್ಲಿಯ ಮೀನುಗಾರರು ಆ ನೀರನ್ನು ಆಳವಿಲ್ಲದ ಕೆರೆಗಳಿಗೆ ಅಳತೆ ಮೀರದಂತೆ ಬಿಟ್ಟುಕೊಳ್ಳುತ್ತಾರೆ. ಈ ಕೆರೆಗಳಿಗೆ ಅಲ್ಲಿಯವರು ‘ಭೇರಿ’ ಎನ್ನುತ್ತಾರೆ.

ಇದು ಕೆಲಸ ಮಾಡುವ ಬಗೆ ಹೀಗೆ. ಕೆರೆ ಆಳವಿಲ್ಲದಿರುವುದರಿಂದ ಬಿಸಿಲು ತಳದವರೆಗೂ ಇಳಿಯುತ್ತದೆ. ಚರಂಡಿ ನೀರಿನ ಕೊಳೆಯನ್ನು ಸೂಕ್ಷ್ಮಾಣುಗಳು ಕರಗಿಸುತ್ತವೆ. ಕರಗಿದ ಪೋಷಕಾಂಶಗಳನ್ನು ಉಂಡು ಪಾಚಿ ಬೆಳೆಯುತ್ತದೆ. ಬೆಳೆಯುವಾಗ ನೀರಿಗೆ ಆಮ್ಲಜನಕ ಬಿಡುತ್ತದೆ. ಪಾಚಿಯನ್ನೂ, ಪಾಚಿ ತಿಂದು ಬೆಳೆದ ಸಣ್ಣ ಜೀವಿಗಳನ್ನೂ ಕಾಟ್ಲಾ, ರೋಹು, ಮೃಗಾಲ್ ಮೊದಲಾದ ಮೀನುಗಳು ತಿನ್ನುತ್ತವೆ. ದಡದಲ್ಲಿ ಬೆಳೆಸಿದ ಅಂತರಗಂಗೆ ಏರಿಯನ್ನು ಅಲೆಗಳ ಹೊಡೆತದಿಂದ ಕಾಯುತ್ತದೆ. ಹೀಗೆ ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ ನೀರು ತಿಳಿಯಾಗುತ್ತದೆ; ನಗರಕ್ಕೆ ವರ್ಷಕ್ಕೆ ಸುಮಾರು 10,000 ಟನ್ ಮೀನು ದೊರೆಯುತ್ತದೆ. ಪಕ್ಕದ ಧಾಪಾದಲ್ಲಿ ನಗರದ ಕಸ ಸುರಿದ ನೆಲದಲ್ಲೇ ತಲೆಮಾರುಗಳಿಂದ ಹೂಕೋಸು, ಬದನೆ, ಸೊಪ್ಪು ಬೆಳೆಯುತ್ತ ಬಂದಿದ್ದಾರೆ.

ಇದನ್ನು ಕಟ್ಟಿದವರು ಎಂಜಿನಿಯರರಲ್ಲ, ಅಲ್ಲಿಯ ಮೀನುಗಾರರು ಮತ್ತು ರೈತರು. ಅದರ ಬೆಲೆಯನ್ನು ಹೊರಗಿನವರಿಗೆ ತಿಳಿಯಪಡಿಸಿದವರು ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರ್. ನಗರದ ಕಟ್ಟಡಗಳು ಇತ್ತ ನುಗ್ಗತೊಡಗಿದಾಗ 1992ರಲ್ಲಿ ಕಲ್ಕತ್ತಾ ಹೈಕೋರ್ಟ್ ಈ ಪ್ರದೇಶದ ರಕ್ಷಣೆಗೆ ತೀರ್ಪು ನೀಡಿತು. 2002ರಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿತು. 2006ರಲ್ಲಿ ಇದಕ್ಕೆಂದೇ ರಾಜ್ಯ ಕಾಯಿದೆ ಬಂದಿತು. ಇಷ್ಟಾದರೂ ಒತ್ತುವರಿಯ ಕಾಟ ತಪ್ಪಿಲ್ಲ. ಜಮೀನು ಉಳಿಯದಿದ್ದರೆ ಎಂಥ ಜಾಣ ಪದ್ಧತಿಯೂ ಉಳಿಯದು.

ಹವಾನಾದ ಮಡಿಗಳು

ಕ್ಯೂಬಾ ದೇಶವು ಸಕ್ಕರೆ ಮಾರಿ ಸೋವಿಯತ್ ಒಕ್ಕೂಟದಿಂದ ಎಣ್ಣೆ, ಗೊಬ್ಬರ, ಧಾನ್ಯ ತರಿಸುತ್ತಿತ್ತು. 1991ರಲ್ಲಿ ಆ ಒಕ್ಕೂಟ ಮುರಿದುಬಿತ್ತು. ಟ್ರ್ಯಾಕ್ಟರಿಗೆ ಡೀಸೆಲ್ ಇಲ್ಲ, ಹೊಲಕ್ಕೆ ಯೂರಿಯ ಇಲ್ಲ, ಬೆಳೆದುದನ್ನು ರಾಜಧಾನಿ ಹವಾನಾಕ್ಕೆ ತರಲು ಲಾರಿಗೆ ಎಣ್ಣೆಯೂ ಇಲ್ಲ. ಆಗ ನಗರದೊಳಗಿನ ಖಾಲಿ ನಿವೇಶನಗಳನ್ನು ಬೆಳೆಯಲು ಮುಂದಾದವರಿಗೆ ಬಾಡಿಗೆ ಇಲ್ಲದೆ ಕೊಡಲಾಯಿತು. ಮಣ್ಣು ಕೆಟ್ಟಿದ್ದ ಕಡೆ ಇಟ್ಟಿಗೆ, ಹಲಗೆ, ಹಳೆಯ ತಗಡು ಯಾವುದು ಸಿಕ್ಕಿತೋ ಅದರಿಂದ ಅಂಚು ಕಟ್ಟಿ, ಸುಮಾರು 1.2 ಮೀಟರ್ ಅಗಲದ ಎತ್ತರದ ಮಡಿಗಳನ್ನು ಮಾಡಿದರು. ಮಣ್ಣಿನೊಡನೆ ಕಾಂಪೋಸ್ಟ್, ಎರೆಗೊಬ್ಬರ ಬೆರೆಸಿ ತುಂಬಿ ಲೆಟ್ಯೂಸ್, ಮೂಲಂಗಿ, ಬೀನ್ಸ್ ಬೆಳೆದರು. ಬೆಳೆದುದನ್ನು ತೋಟದ ಗೇಟಿನಲ್ಲೇ ಮಾರಲು ಅನುಮತಿ ಇತ್ತು. ಸಾಗಣೆ ವೆಚ್ಚ ಸೊನ್ನೆ, ದಲ್ಲಾಳಿಯೂ ಇಲ್ಲ.

ಆದರೆ ಇದರ ಮಿತಿಯನ್ನೂ ಅರಿಯಬೇಕು. ಕ್ಯೂಬಾ ಇಂದಿಗೂ ತನ್ನ ಆಹಾರದ ಹೆಚ್ಚಿನ ಪಾಲನ್ನು ಹೊರಗಿನಿಂದಲೇ ತರಿಸುತ್ತದೆ. ನಗರದ ಅಂಗಳದಲ್ಲಿ ಸೊಪ್ಪು ಬೆಳೆಯಬಹುದು. ರಾಗಿ, ಅಕ್ಕಿ, ತೊಗರಿ ಬೆಳೆಯಲಾಗದು. ತಾರಸಿ ತೋಟ ನೋಡಿ ರೈತನ ಅಗತ್ಯವೇ ಇಲ್ಲವೆಂದು ನಗರದವರು ತಿಳಿದರೆ ಅದು ತಪ್ಪು ಲೆಕ್ಕ. ತಾರಸಿಯ ತೋಟ ಅಡುಗೆಗೆ ಒಗ್ಗರಣೆ. ಅನ್ನ ಬರುವುದು ಹೊಲದಿಂದಲೇ.

ಬೆಲೊ ಹೊರಿಜಾಂಟೆ: ಕೊಳ್ಳುವವರ ಭರವಸೆ

ಬ್ರೆಜಿಲ್ ದೇಶದ ಬೆಲೊ ಹೊರಿಜಾಂಟೆ ಸುಮಾರು 24 ಲಕ್ಷ ಜನರ ನಗರ. 1993ರಲ್ಲಿ ಇಲ್ಲಿಯ ನಗರಾಡಳಿತವು ಆಹಾರಕ್ಕೆಂದೇ ಒಂದು ಇಲಾಖೆ ತೆರೆಯಿತು. ಹಸಿವು ನೀಗುವುದು ನಗರಸಭೆಯ ಕೆಲಸವೆಂದು ಅದು ಒಪ್ಪಿಕೊಂಡಿತು. ಕಡಿಮೆ ದರದ ಊಟದ ಮನೆಗಳನ್ನು ನಡೆಸಿತು. ನಗರದ ಆಯಕಟ್ಟಿನ ಜಾಗಗಳಲ್ಲಿ ಸುತ್ತಲಿನ ಸಣ್ಣ ರೈತರಿಗೆ ನೇರವಾಗಿ ಮಾರಲು ಸ್ಥಳ ನಿಗದಿ ಮಾಡಿತು. ತನ್ನ ಜಾಗದಲ್ಲಿ ಅಂಗಡಿ ಹಾಕಿದ ವ್ಯಾಪಾರಿಗಳು ಕೆಲವು ಆವಶ್ಯಕ ತರಕಾರಿಗಳನ್ನು ಗೊತ್ತುಪಡಿಸಿದ ಬೆಲೆಗೇ ಮಾರಬೇಕೆಂಬ ಕರಾರು ಹಾಕಿತು. ಇಷ್ಟಕ್ಕೂ ತಗುಲಿದ್ದು ನಗರದ ಆಯವ್ಯಯದಲ್ಲಿ ಶೇಕಡ 2ಕ್ಕಿಂತ ಕಡಿಮೆ.

2009ರಲ್ಲಿ ಬ್ರೆಜಿಲ್ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ಶಾಲಾ ಮಕ್ಕಳ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇಕಡ 30ರಷ್ಟನ್ನು ಸಣ್ಣ ಕುಟುಂಬ ರೈತರ ಮಾಲು ಕೊಳ್ಳಲು ಬಳಸಬೇಕೆಂದು ಕಾಯಿದೆ ಮಾಡಿತು. ಇದರ ಗುಟ್ಟು ಸರಳ. ಯಾರು ಎಷ್ಟು ಕೊಳ್ಳುತ್ತಾರೆ ಎಂಬುದು ನಾಟಿಗೆ ಮೊದಲೇ ತಿಳಿದರೆ ರೈತ ಅಷ್ಟೇ ಬೆಳೆಯುತ್ತಾನೆ. ಬೆಳೆ ರಸ್ತೆಗೆ ಸುರಿಯುವ ಪ್ರಸಂಗ ಬಾರದು. ನಮ್ಮಲ್ಲಿಯೂ ಅಕ್ಷರ ದಾಸೋಹವಿದೆ. 2017ರಿಂದ ಇಂದಿರಾ ಕ್ಯಾಂಟೀನುಗಳಿವೆ. ಆಸ್ಪತ್ರೆ, ವಿದ್ಯಾರ್ಥಿ ನಿಲಯಗಳಿವೆ. ಈ ಅಡುಗೆ ಮನೆಗಳಿಗೆ ಬೇಕಾದ ತರಕಾರಿಯ ಒಂದು ಪಾಲನ್ನು ಸುತ್ತಲಿನ ರೈತ ಉತ್ಪಾದಕ ಸಂಸ್ಥೆಗಳಿಂದಲೇ ಕೊಳ್ಳುವಂತಾದರೆ ಎರಡೂ ಕಡೆ ಲಾಭ.

ನಮ್ಮಲ್ಲಿ ಆಗಿರುವುದು

ನಾವೇನೂ ಈ ದಾರಿಯಲ್ಲಿ ಹೊಸಬರಲ್ಲ. ತೋಟಗಾರಿಕೆ ಇಲಾಖೆಯ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಒಂದು ಸಹಕಾರ ಸಂಘ ಕಟ್ಟಿಕೊಂಡರು. ಅದೇ ಮುಂದೆ ಎಲ್ಲ ಹಣ್ಣು ತರಕಾರಿಗಳಿಗೂ ವಿಸ್ತರಿಸಿ ಹಾಪ್‌ಕಾಮ್ಸ್ ಆಯಿತು. ಸರಿಯಾದ ತೂಕ, ಕಮಿಷನ್ ಇಲ್ಲದ ಖರೀದಿ, ಬಡಾವಣೆಗಳಲ್ಲಿ ಮಳಿಗೆ, ಇವು ಅದರ ಬಲ. ದೊಡ್ಡ ಅಂಗಡಿಗಳ, ಮನೆ ಬಾಗಿಲಿಗೆ ತಂದುಕೊಡುವ ಕಂಪನಿಗಳ ಪೈಪೋಟಿಯಲ್ಲಿ ಈಚಿನ ವರ್ಷಗಳಲ್ಲಿ ಅದು ಸೊರಗಿದೆ. ಆದರೂ ಬೆಳೆಗಾರರೇ ಒಡೆಯರಾದ ಮಾರಾಟ ಜಾಲ ಸಾಧ್ಯವೆಂಬುದನ್ನು ಅದು ಆರು ದಶಕಗಳ ಕಾಲ ತೋರಿಸಿಕೊಟ್ಟಿದೆ.

ಗೊಬ್ಬರದ ವಿಷಯದಲ್ಲೂ ಹಿಂದಿನವರು ಜಾಣರು. ಹುಬ್ಬಳ್ಳಿ-ಧಾರವಾಡದಲ್ಲಿ ನಗರದ ಕಸ ತುಂಬಿದ ಗುಂಡಿಗಳನ್ನು ಹರಾಜು ಹಾಕುತ್ತಿದ್ದರು. ಸುತ್ತಲಿನ ರೈತರು ಹಣ ಕೊಟ್ಟು ಹೊಲಕ್ಕೆ ಒಯ್ಯುತ್ತಿದ್ದರು. ಕಸದಲ್ಲಿ ಪ್ಲಾಸ್ಟಿಕ್, ಗಾಜು ಹೆಚ್ಚಾದ ಹಾಗೆ ಕೊಳ್ಳುವವರು ಕಡಿಮೆಯಾದರು. ಬೆಂಗಳೂರಿನಲ್ಲಿ 1975ರಲ್ಲೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಆದರೆ ನಗರ ಬೆಳೆದ ವೇಗಕ್ಕೆ ಗೊಬ್ಬರ ತಯಾರಿಕೆ ಸರಿಗಟ್ಟಲಿಲ್ಲ. ಉಳಿದ ಕಸ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳಲ್ಲಿ ಬೆಟ್ಟವಾಯಿತು. ಮಂಡೂರಿನ ಜನ ಹೋರಾಡಿ 2014ರಲ್ಲಿ ಅಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿದರು. ಹಸಿಕಸ, ಒಣಕಸ ಮನೆಯಲ್ಲೇ ಬೇರೆಯಾಗದಿದ್ದರೆ ಯಾವ ಕಾರ್ಖಾನೆಯೂ ಅದರಿಂದ ಒಳ್ಳೆಯ ಗೊಬ್ಬರ ತೆಗೆಯಲಾರದು. ಹೊಲಕ್ಕೆ ಬೇಕಾದ ಗೊಬ್ಬರದ ಗುಣ ನಿರ್ಧಾರವಾಗುವುದು ನಗರದ ಗೃಹಿಣಿಯ ಎರಡು ಬುಟ್ಟಿಗಳಲ್ಲಿ.

ಇನ್ನು ನೀರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಚರಂಡಿ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಒಣಗಿದ್ದ ಕೆರೆಗಳು ತುಂಬಿ, ಸುತ್ತಲಿನ ಕೊಳವೆ ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಈ ನೀರಿಗೆ ಎರಡನೆಯ ಹಂತದ ಸಂಸ್ಕರಣೆ ಮಾತ್ರ ಆಗಿರುತ್ತದೆ. ಆದ್ದರಿಂದ ಕೆರೆಯಿಂದ ನೇರವಾಗಿ ಹೊಲಕ್ಕೆ ಎತ್ತಬಾರದು. ಅಂತರ್ಜಲ ಮರುಪೂರಣವೇ ಇದರ ಉದ್ದೇಶ. ಮಣ್ಣಿನ ಪದರಗಳು ರೋಗಾಣುಗಳನ್ನು ಬಹುಮಟ್ಟಿಗೆ ಸೋಸುತ್ತವೆ. ಕರಗಿದ ಲವಣ, ನೈಟ್ರೇಟುಗಳನ್ನು ಸೋಸಲಾರವು. ಆದ್ದರಿಂದ ಬಾವಿ ನೀರಿನ ಪರೀಕ್ಷೆ ಆಗಾಗ್ಗೆ ನಡೆಯಬೇಕು.

ಸಂಸ್ಕರಿಸದ ನೀರಿನ ಕಥೆಯೇ ಬೇರೆ. ವೃಷಭಾವತಿಯ ನೀರು ಸೇರುವ ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿ ಅನೇಕರು ಭತ್ತ ಬಿಟ್ಟು ಮೇವಿನ ಹುಲ್ಲು, ಬೇಬಿ ಕಾರ್ನ್ ಬೆಳೆಗಳಿಗೆ ತಿರುಗಿದ್ದಾರೆ. ಮನೆಯ ಚರಂಡಿಯೊಡನೆ ಕಾರ್ಖಾನೆಯ ನೀರು ಬೆರೆತರೆ ಅದರಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳಿರುತ್ತವೆ. ಇವು ಕುದಿಸಿದರೂ ಹೋಗುವುದಿಲ್ಲ, ವರ್ಷ ಕಳೆದರೂ ಮಣ್ಣಿನಿಂದ ಹೋಗುವುದಿಲ್ಲ. ಸೊಪ್ಪಿನ ಬೆಳೆಗಳು ಇವನ್ನು ಹೆಚ್ಚಾಗಿ ಹೀರುತ್ತವೆ. ಅದನ್ನು ಮೊದಲು ಉಣ್ಣುವವನು ನಗರದವನಲ್ಲ, ಬೆಳೆದವನ ಮನೆಯವರೇ.

ನಗರದಂಚಿನ ರೈತರು ಗಮನಿಸಬೇಕಾದ ಅಂಶಗಳು

1. ನೀರಿನ ಮೂಲ ತಿಳಿದು ಬೆಳೆ ಆರಿಸಿ. ಚರಂಡಿ ನೀರಿನ ಸೋಂಕು ಇರುವ ಕಡೆ ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆ, ಕ್ಯಾರೆಟ್, ಮೂಲಂಗಿ ಬೇಡ. ಹೂವು, ಮರಮುಟ್ಟು ಉತ್ತಮ. ಹಸಿಯಾಗಿ ತಿನ್ನುವ ಬೆಳೆಗೆ ಬಳಸುವ ನೀರಿನಲ್ಲಿ 100 ಮಿಲಿಲೀಟರಿಗೆ ಮಲಮೂಲದ ಕೋಲಿ ಜೀವಾಣುಗಳು 1,000ಕ್ಕಿಂತ, ಲೀಟರಿಗೆ ಜಂತುಹುಳುವಿನ ಮೊಟ್ಟೆ ಒಂದಕ್ಕಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಸೂಚಿಸಿತ್ತು.

2. ಎಲೆಗೆ ನೀರು ತಾಗಿಸಬೇಡಿ. ತುಂತುರು ಬೇಡ, ಹನಿ ನೀರಾವರಿ ಅಥವಾ ಸಾಲು ನೀರಾವರಿ ಇರಲಿ. ಕೊಯ್ಲಿಗೆ ಕೆಲವು ದಿನ ಮೊದಲು ಅಂಥ ನೀರನ್ನು ನಿಲ್ಲಿಸಿದರೆ ಬಿಸಿಲಿಗೆ ರೋಗಾಣುಗಳು ಬಹಳಷ್ಟು ಸಾಯುತ್ತವೆ. ಕೊಯ್ದ ಸೊಪ್ಪನ್ನು ಎಂದಿಗೂ ಕೊಳಚೆ ಕಾಲುವೆಯಲ್ಲಿ ತೊಳೆಯಬಾರದು. ಹೊಲಕ್ಕೆ ಇಳಿಯುವವರು ಬೂಟು ತೊಟ್ಟು, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈಕಾಲು ತೊಳೆಯಬೇಕು.

3. ನಗರದ ಕಾಂಪೋಸ್ಟನ್ನು ಪರೀಕ್ಷೆ ಮಾಡಿಸಿ ಕೊಳ್ಳಿ. ಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅದರಲ್ಲಿ ಸಾವಯವ ಇಂಗಾಲ ಶೇಕಡ 12ಕ್ಕೆ ಕಡಿಮೆಯಿರಬಾರದು; ಇಂಗಾಲ-ಸಾರಜನಕ ಪ್ರಮಾಣ 20ರೊಳಗಿರಬೇಕು; ಕಿಲೋ ಗೊಬ್ಬರಕ್ಕೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಹೊಲದಲ್ಲೇ ಒಂದು ಗುರುತು ನೋಡಬಹುದು: ಕಳಿತ ಗೊಬ್ಬರ ಕಂದುಗಪ್ಪಾಗಿ, ಮಳೆಬಿದ್ದ ಮಣ್ಣಿನ ವಾಸನೆ ಹೊಂದಿರುತ್ತದೆ. ಮುಟ್ಟಿದರೆ ಬಿಸಿಯಾಗಿ, ಹುಳಿ ನಾತ ಬೀರಿದರೆ ಇನ್ನೂ ಕಳಿತಿಲ್ಲವೆಂದು ತಿಳಿಯಿರಿ.

4. ಹುಳಿ ಮಣ್ಣಿಗೆ ಸುಣ್ಣ ಕೊಡಿ. ರಸಸಾರ ತಟಸ್ಥಕ್ಕೆ ಬಂದರೆ ಬೆಳೆ ಕ್ಯಾಡ್ಮಿಯಂ ಹೀರುವುದು ಕಡಿಮೆಯಾಗುತ್ತದೆ. ಎಷ್ಟು ಸುಣ್ಣವೆಂಬುದನ್ನು ಮಣ್ಣು ಪರೀಕ್ಷೆಯ ಮೇಲೆ ನಿರ್ಧರಿಸಬೇಕು.

5. ಕೊಯ್ಲಿನ ನಂತರದ ನಷ್ಟ ತಪ್ಪಿಸಿ. ಸಂಜೆ ಕೊಯ್ದು ನೆರಳಿನಲ್ಲಿಡಿ. ಗೋಣಿಚೀಲದಲ್ಲಿ ತುರುಕದೆ ಕ್ರೇಟಿನಲ್ಲಿ ತುಂಬಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ವಿದ್ಯುತ್ತಿಲ್ಲದ ತಂಪು ಕೋಣೆಯನ್ನು ಯಾರೂ ಕಟ್ಟಿಕೊಳ್ಳಬಹುದು. 165 ಸೆಂಟಿಮೀಟರ್ ಉದ್ದ, 115 ಸೆಂಟಿಮೀಟರ್ ಅಗಲಕ್ಕೆ ಇಟ್ಟಿಗೆ ಹಾಸಿ, ಸುತ್ತ 67.5 ಸೆಂಟಿಮೀಟರ್ ಎತ್ತರದ ಜೋಡಿ ಗೋಡೆ ಎಬ್ಬಿಸಿ, ಗೋಡೆಗಳ ನಡುವಿನ 7.5 ಸೆಂಟಿಮೀಟರ್ ಸಂದಿಗೆ ಮರಳು ತುಂಬಬೇಕು. ಬಿದಿರಿನ ಮುಚ್ಚಳ ಹೊದಿಸಿ, ಮೇಲೆ ಚಪ್ಪರ ಹಾಕಿ, ದಿನಕ್ಕೆ ಎರಡು ಬಾರಿ ಮರಳು, ಇಟ್ಟಿಗೆ ತೋಯಿಸಬೇಕು. ಒಣ ಬೇಸಗೆಯಲ್ಲಿ ಒಳಗಿನ ಉಷ್ಣತೆ ಹೊರಗಿಗಿಂತ 10ರಿಂದ 15 ಡಿಗ್ರಿ ಸೆಲ್ಸಿಯಸ್ ಕಡಿಮೆ ಇರುತ್ತದೆ. ಬೆಲೆ ಬಿದ್ದ ದಿನ ಮಾಲು ತಡೆದಿಡಲು ಇದು ನೆರವಾಗುತ್ತದೆ.

6. ಒಬ್ಬೊಬ್ಬರೇ ಮಂಡಿಗೆ ಹೋಗಬೇಡಿ. ಹತ್ತಾರು ಜನ ಸೇರಿ ಬೇರೆ ಬೇರೆ ವಾರ ನಾಟಿ ಮಾಡಿದರೆ ವರ್ಷವಿಡೀ ಮಾಲು ಒದಗಿಸಬಹುದು. 2020ರ ಲಾಕ್‌ಡೌನ್ ಸಮಯದಲ್ಲಿ ನಗರದ ವಸತಿ ಸಮುಚ್ಚಯಗಳಿಗೆ ನೇರವಾಗಿ ಮಾರಿದ ರೈತರು ಇದರ ಅನುಕೂಲ ಕಂಡಿದ್ದಾರೆ. ವಾರಕ್ಕೆ ಒಂದೇ ಮಾತಾದರೂ ಹೇಳಿದ ದಿನ, ಹೇಳಿದ ತೂಕ ತಪ್ಪಬಾರದು. ಗಿರಾಕಿ ಉಳಿಯುವುದು ನಂಬಿಕೆಯಿಂದ.

ಜಮೀನು ಉಳಿದರೆ

ಮೇಲಿನ ಎಲ್ಲ ಸಲಹೆಗಳೂ ಒಂದು ಷರತ್ತಿಗೆ ಒಳಪಟ್ಟಿವೆ: ಜಮೀನು ರೈತನ ಕೈಯಲ್ಲಿರಬೇಕು. ನಗರದಂಚಿನಲ್ಲಿ ಒಂದು ಎಕರೆ ಬೆಳೆಯುವುದರಿಂದ ಬರುವ ಆದಾಯ, ಅದೇ ಎಕರೆಯನ್ನು ನಿವೇಶನ ಮಾಡಿದರೆ ಬರುವ ಹಣದ ಮುಂದೆ ಅಲ್ಪವಾಗಿ ಕಾಣುತ್ತದೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವುದು ಸುಲಭವಾಯಿತು. ಮಾರಿದ ಹಣ ಮನೆ, ಮದುವೆ, ವಾಹನಗಳಿಗೆ ಕರಗಿದ ಮೇಲೆ ಅದೇ ನೆಲದ ಮೇಲೆ ಎದ್ದ ಕಟ್ಟಡಕ್ಕೆ ಕಾವಲುಗಾರನಾದವರನ್ನು ನಗರದ ಸುತ್ತಲಿನ ಪ್ರತಿ ಹಳ್ಳಿಯೂ ಬಲ್ಲದು. ಮಾರುವುದು ಬಿಡುವುದು ಅವರವರ ಕಷ್ಟಸುಖಕ್ಕೆ ಬಿಟ್ಟದ್ದು. ಆದರೆ ಲೆಕ್ಕ ಹಾಕುವಾಗ ಇಂದಿನ ಬೆಲೆಯೊಡನೆ ಮುಂದಿನ ಇಪ್ಪತ್ತು ವರ್ಷದ ದುಡಿಮೆಯನ್ನೂ ಸೇರಿಸಬೇಕು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ತಮ್ಮ ನೆಲ ಬಿಡೆವೆಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 1,777 ಎಕರೆಯ ಸ್ವಾಧೀನ ಕೈಬಿಡುವುದಾಗಿ 2025ರ ಜುಲೈನಲ್ಲಿ ಸರ್ಕಾರ ಪ್ರಕಟಿಸಿತು. ಅಲ್ಲಿ ಉಳಿದದ್ದು ರೈತರ ಬದುಕು ಮಾತ್ರವಲ್ಲ; ನಗರದವರ ತಟ್ಟೆಯ ಒಂದು ಭಾಗವೂ ಹೌದು.

ನಗರ ಯೋಜನೆ ಮಾಡುವವರು ರಸ್ತೆ, ಕೊಳಾಯಿ, ದೀಪಗಳಂತೆ ತರಕಾರಿ ಹೊಲವನ್ನೂ ನಕ್ಷೆಯಲ್ಲಿ ಗುರುತಿಸುವ ಕಾಲ ಬಂದಿದೆ. ಅಲ್ಲಿಯವರೆಗೆ ರೈತ ಬಾಂಧವರು ತಮ್ಮ ಬಾವಿಯ ನೀರು, ಹೊಲದ ಮಣ್ಣುಗಳನ್ನು ಪರೀಕ್ಷೆಗೆ ಕೊಟ್ಟು, ನೆರೆಹೊರೆಯವರೊಡನೆ ಸೇರಿ ಮಾರುವ ಏರ್ಪಾಡು ಮಾಡಿಕೊಳ್ಳುವುದು ಲೇಸು. ಹೆಚ್ಚಿನ ವಿವರಗಳಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಕಾಣಬಹುದು. ಮಾಲು ಇಳಿಸಿ ಹಿಂದಿರುಗುವ ಗಾಡಿ ಒಳ್ಳೆಯ ಗೊಬ್ಬರ ಹೇರಿಕೊಂಡು ಊರಿಗೆ ಬರುವಂತಾದರೆ, ನಗರ ಮತ್ತು ಹಳ್ಳಿಗಳ ನಡುವಿನ ಋಣ ತಕ್ಕಮಟ್ಟಿಗೆ ತೀರಿದಂತಾಗುತ್ತದೆ.